ಮೂರರಿಂದ ಆರು: ಶಾಲೆಗೆ ಹೋಗುವ ಮೊದಲಿನ ವರ್ಷಗಳಲ್ಲಿ ಮಗುವನ್ನು ಹೇಗೆ ನೋಡಿಕೊಳ್ಳಬೇಕು

ನನ್ನ ಮಗನಿಗೆ ಆಗ ಮೂರೂವರೆ ವರ್ಷ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರ ಜೊತೆ ಅವನಿಗೂ ಅರ್ಧ ಕಪ್ ಚಾ, ಅದರಲ್ಲಿ ಅದ್ದಿ ತಿನ್ನಲು ಎರಡು ಟೋಸ್ಟ್. ಹತ್ತು ಗಂಟೆಗೆ ರೊಟ್ಟಿ ಇಟ್ಟರೆ ಮುಖ ತಿರುಗಿಸುತ್ತಿದ್ದ. ಸಂಜೆ ಮತ್ತೆ ಚಾ. ಮಧ್ಯದಲ್ಲಿ ಹಿತ್ತಲಿಗೆ ಹೋಗಿ ಸುಮ್ನೆ ಕೂತು ಮಣ್ಣು ತಿನ್ನುತ್ತಿದ್ದ, ಗೋಡೆಯ ಸುಣ್ಣ ಉಗುರಿನಿಂದ ಕೆರೆದು ನೆಕ್ಕುತ್ತಿದ್ದ. "ಸಣ್ಣ ಹುಡುಗ್ರು ತಿಂತಾವ ಬಿಡವಾ, ದೊಡ್ಡಾವಾದ ಮ್ಯಾಲ ತಾವ ಬಿಡ್ತಾವ" ಎಂದರು ಅತ್ತೆ. ನಾನೂ ಬಿಟ್ಟೆ.

ಒಂದು ದಿನ ಅಂಗನವಾಡಿಯ ಅಕ್ಕೋರು ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಒಳಗ ಕೆಂಪ ಇಲ್ರೀ, ಬೆಳ್ಳಗೈತಿ. ರಕ್ತ ತಪಾಸ್ ಮಾಡಸ್ರಿ" ಎಂದರು. ಮಾಡಿಸಿದಾಗ ಹಿಮೋಗ್ಲೋಬಿನ್ 8.6. ಆ ವಯಸ್ಸಿನ ಮಕ್ಕಳಿಗೆ ಕನಿಷ್ಠ 11 ಇರಬೇಕು. ಮನೆಯಲ್ಲಿ ಊಟಕ್ಕೇನೂ ಕಡಿಮೆ ಇರಲಿಲ್ಲ. ನಾನೇ ಸರಿಯಾಗಿ ನೋಡಿರಲಿಲ್ಲ. ಮಣ್ಣು ತಿನ್ನುವುದು ರಕ್ತಹೀನತೆಯ ಲಕ್ಷಣ ಇರಬಹುದು ಎಂದು ಡಾಕ್ಟರು ಹೇಳಿದಾಗಲೇ ನನಗೆ ಗೊತ್ತಾಗಿದ್ದು.

ಆ ಮೇಲೆ ಕಲಿತದ್ದನ್ನು, ಅಕ್ಕೋರಿಂದ, ಡಾಕ್ಟರಿಂದ, ನನ್ನ ತಪ್ಪುಗಳಿಂದ ತಿಳಿದದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ. ಇದಕ್ಕೆ ದುಬಾರಿ ಪೌಡರ್ ಡಬ್ಬ ಬೇಡ, ಟ್ಯೂಷನ್ ಬೇಡ. ಒಂದು ಪೆನ್ಸಿಲ್, ಒಂದು ಟೇಪು, ನಿಮ್ಮ ತಾಯಿ ಕಾರ್ಡು (ಮಗುವಿನ ತೂಕ, ಇಂಜೆಕ್ಷನ್ ಬರೆದಿಡುವ ಸರ್ಕಾರಿ ಕಾರ್ಡು) ಇದ್ದರೆ ಶುರು ಮಾಡಬಹುದು.

ಮೊದಲು ಅಳೆಯಿರಿ

ಮನೆಯಲ್ಲಿ ಒಂದು ಬಾಗಿಲ ಚೌಕಟ್ಟು ಆರಿಸಿಕೊಳ್ಳಿ. ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ. ಹಿಮ್ಮಡಿ, ಕುಂಡೆ, ತಲೆಯ ಹಿಂಭಾಗ ಮೂರೂ ಚೌಕಟ್ಟಿಗೆ ತಾಗಿರಬೇಕು, ಕಣ್ಣು ನೇರ ಮುಂದೆ. ತಲೆಯ ಮೇಲೆ ಒಂದು ದಪ್ಪ ರಟ್ಟಿನ ಪುಸ್ತಕ ಅಡ್ಡ ಇಟ್ಟು, ಅದರ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಕು ಬರೆಯಿರಿ. ಮೂರು ತಿಂಗಳಿಗೊಮ್ಮೆ ಇಷ್ಟು ಸಾಕು. ಹೇರ್‌ಬ್ಯಾಂಡ್, ಜುಟ್ಟು ತೆಗೆದಿರಲಿ. ನಾನೊಮ್ಮೆ ಜುಟ್ಟಿನ ಸಮೇತ ಅಳೆದು ಎರಡು ಸೆಂಟಿಮೀಟರ್ ಬೆಳೆದಾಳೆ ಎಂದು ನಾದಿನಿಯ ಮಗಳ ಬಗ್ಗೆ ಖುಷಿಪಟ್ಟಿದ್ದೆ.

ತೂಕಕ್ಕೆ ಅಂಗನವಾಡಿಯ ತಕ್ಕಡಿಯೇ ಬೆಸ್ಟ್. ತಿಂಗಳಿಗೊಮ್ಮೆ ತೂಗಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮಗು ಖಾಸಗಿ ಶಾಲೆಗೆ ಹೋಗುತ್ತಿದ್ದರೂ ತೂಕ ಮಾಡಿಸಬಹುದು, ಕೇಳಲು ನಾಚಿಕೆ ಬೇಡ.

ಅಂದಾಜಿಗೆ ಒಂದಿಷ್ಟು ಅಂಕಿ ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಪ್ರಕಾರ 3 ವರ್ಷದ ಗಂಡು ಮಗುವಿನ ನಡುವಿನ ತೂಕ 14.3 ಕೆಜಿ, 4 ವರ್ಷಕ್ಕೆ 16.3, 5 ವರ್ಷಕ್ಕೆ 18.3. ಹೆಣ್ಣು ಮಗುವಿಗೆ 13.9, 16.1, 18.2. ಅಂದರೆ ವರ್ಷಕ್ಕೆ ಸುಮಾರು ಎರಡು ಕೆಜಿ, ಎತ್ತರ ಆರೇಳು ಸೆಂಟಿಮೀಟರ್. ಇದು ನಡುವಿನ ಸಂಖ್ಯೆ, ಪಾಸ್ ಮಾರ್ಕ್ ಅಲ್ಲ. 4 ವರ್ಷದ ಗಂಡು ಮಗು 14 ಕೆಜಿ ಇದ್ದು ಚಟುವಟಿಕೆಯಿಂದ ಇದ್ದರೆ, ಕಾರ್ಡಿನಲ್ಲಿ ಅದರ ತೂಕದ ಗೆರೆ ಏರುತ್ತಿದ್ದರೆ ಚಿಂತೆ ಇಲ್ಲ. 12.7ಕ್ಕಿಂತ ಕೆಳಗೆ ಹೋದರೆ ಕಡಿಮೆ ತೂಕ ಎಂದು ಲೆಕ್ಕ.

ಕಾರ್ಡಿನಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿ ಇರುತ್ತವೆ. ಎಲ್ಲರೂ ಬಣ್ಣ ನೋಡುತ್ತಾರೆ. ಗೆರೆ ಎತ್ತ ಹೋಗುತ್ತಿದೆ ಎನ್ನುವುದನ್ನೂ ನೋಡಿ. ಹಸಿರಿನಲ್ಲೇ ಇದ್ದರೂ ಮೂರು ತಿಂಗಳು ಗೆರೆ ಅಡ್ಡ ಮಲಗಿದರೆ ಡಾಕ್ಟರ ಬಳಿ ಹೋಗಿ. ಹಳದಿಯ ಅಂಚಿನಲ್ಲಿದ್ದರೂ ತಿಂಗಳು ತಿಂಗಳು ಏರುತ್ತಿದ್ದರೆ ಸ್ವಲ್ಪ ಸಮಾಧಾನ ಪಡಬಹುದು. 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆಯನ್ನೂ ಅಂಗನವಾಡಿಯ ಟೇಪಿನಿಂದ ನೋಡಬಹುದು. 12.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೋರಿಸಬೇಕು. 11.5ಕ್ಕಿಂತ ಕಡಿಮೆ ಅಂದರೆ ತೀವ್ರ ಅಪೌಷ್ಟಿಕತೆ. ಅಂಥ ಮಕ್ಕಳನ್ನು ತಾಯಿಯ ಜೊತೆ ಇಟ್ಟುಕೊಂಡು ಊಟ, ಔಷಧ ಕೊಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿವೆ. ಹೋಗಲು ಹಿಂಜರಿಯಬೇಡಿ.

ಮದುವೆ ಮನೆಯಲ್ಲಿ ಯಾರಾದರೂ "ಯಾಕ ಇಷ್ಟ ಸೊರಗಿದಾನು ನಿಮ್ಮ ಹುಡುಗ?" ಎಂದು ಕೇಳಿಯೇ ಕೇಳುತ್ತಾರೆ. ಚೌಕಟ್ಟಿನ ಮೇಲೆ ಗೆರೆ ಇದ್ದರೆ ಆ ಮಾತಿಗೆ ನಿದ್ದೆ ಕೆಡುವುದಿಲ್ಲ.

ಊಟ: ರೊಟ್ಟಿಯಿಂದಲೇ ಶುರು ಮಾಡೋಣ

ಮೊದಲ ಕೆಲಸ, ಚಾ ನಿಲ್ಲಿಸುವುದು. ಚಾದಲ್ಲಿರುವ ಟ್ಯಾನಿನ್ ಊಟದಲ್ಲಿನ ಕಬ್ಬಿಣಾಂಶವನ್ನು ಹಿಡಿದುಕೊಂಡು ಮೈಗೆ ಸೇರದಂತೆ ಮಾಡುತ್ತದೆ. ಮೇಲೆ ಸಕ್ಕರೆ, ಟೋಸ್ಟು ಸೇರಿ ಹೊಟ್ಟೆ ತುಂಬಿದ ಹಾಗೆ ಆಗುತ್ತದೆ. ನಮ್ಮ ಮನೆಯಲ್ಲಿ ಇದು ಒಂದೇ ದಿನಕ್ಕೆ ಆಗಲಿಲ್ಲ. ಅಜ್ಜ ಬಸಿಯಲ್ಲಿ ಸುರಿದುಕೊಂಡು ಕುಡಿಯುವಾಗ ಮೊಮ್ಮಗ ಎದುರಿಗೇ ಕೂತಿರುತ್ತಿದ್ದ. ಮೊದಲ ವಾರ ಅವನ ಕಪ್ಪಿಗೆ ಬರೀ ಹಾಲು ಹಾಕಿ ಅಜ್ಜನ ಚಾದ ನಾಲ್ಕು ಹನಿ ಬಿಟ್ಟೆವು, ಬಣ್ಣಕ್ಕೆ. ಎರಡನೇ ವಾರ ಎರಡು ಹನಿ. ಮೂರನೇ ವಾರ ಅವನು ಕೇಳುವುದನ್ನೇ ಮರೆತ.

ಹಾಗಂತ ಹಾಲನ್ನೇ ಊಟ ಮಾಡಬೇಡಿ. ದಿನಕ್ಕೆ ಒಂದೆರಡು ಲೋಟ ಸಾಕು. ಅರ್ಧ ಲೀಟರ್ ದಾಟಿದರೆ ಮಗು ಊಟ ಬಿಡುತ್ತದೆ, ಕಬ್ಬಿಣಾಂಶ ಕಡಿಮೆಯಾಗುತ್ತದೆ.

ನಮ್ಮ ಕಡೆಯ ಅಡುಗೆಯಲ್ಲಿ ಈ ವಯಸ್ಸಿಗೆ ಬೇಕಾದ್ದು ಬಹಳಷ್ಟು ಇದೆ. ಸಮಸ್ಯೆ ಏನೆಂದರೆ ಅದು ದೊಡ್ಡವರ ಹಲ್ಲಿಗೆ, ದೊಡ್ಡವರ ನಾಲಿಗೆಗೆ ಮಾಡಿದ್ದು. ಖಡಕ್ ರೊಟ್ಟಿ ಮಗುವಿನ ಬಾಯಲ್ಲಿ ಚುಚ್ಚುತ್ತದೆ. ಪಲ್ಯಕ್ಕೆ ಖಾರ ಜಾಸ್ತಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಹಾವೇರಿ ಕಡೆಯವರು ಹೆಮ್ಮೆಯಿಂದ ಹೇಳುತ್ತಾರೆ, ನಿಜ. ಆದರೂ ಮೂರು ವರ್ಷದ ನಾಲಿಗೆಗೆ ಅದೂ ಖಾರವೇ. ಒಗ್ಗರಣೆಗೆ ಖಾರಪುಡಿ ಹಾಕುವ ಮೊದಲು ಮಗುವಿನ ಪಾಲನ್ನು ಬೇರೆ ತೆಗೆದಿಡುವುದು ಎಲ್ಲಕ್ಕಿಂತ ಸುಲಭ.

ನನ್ನ ಕೈ ಹಿಡಿದದ್ದು ಮುಟಗಿ. ಜೋಳದ ರೊಟ್ಟಿಯನ್ನು ಸ್ವಲ್ಪ ದಪ್ಪ ತಟ್ಟಿ, ಹಂಚಿನ ಮೇಲಿಂದ ತೆಗೆದ ಕೂಡಲೇ ಮುರಿದು ಒರಳಿಗೆ ಹಾಕಿ. ಬಿಸಿ ಆರಬಾರದು, ಆರಿದರೆ ಕೂಡಿಕೊಳ್ಳುವುದಿಲ್ಲ. ದೊಡ್ಡವರಿಗೆ ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಹಾಕುತ್ತೇವೆ. ಮಗುವಿಗೆ ಅರ್ಧ ಎಸಳು ಬಳ್ಳೊಳ್ಳಿ, ಚಿಟಿಕೆ ಉಪ್ಪು, ಒಂದು ಚಮಚ ನುಣ್ಣಗಿನ ಶೇಂಗಾ ಪುಡಿ, ಒಂದು ಚಮಚ ತುಪ್ಪ. ಕುಟ್ಟಿ, ಮುಷ್ಟಿಯಲ್ಲಿ ಹಿಡಿದು ಒತ್ತಿ. ಬೆರಳಿನ ಗುರುತು ಬಿದ್ದ ಮುಟಗಿ ಮಗುವಿನ ಕೈಗೆ ಸರಿಯಾಗಿ ಕೂರುತ್ತದೆ. ನನ್ನ ಮಗ ತಟ್ಟೆಯ ರೊಟ್ಟಿ ಮುಟ್ಟದವನು, ಇದನ್ನು ಓಣಿಯಲ್ಲಿ ಓಡಾಡುತ್ತ ತಿನ್ನಲು ಹೋದ. "ಕೂತು ತಿನ್ನು" ಎಂದು ಹೇಳುವುದಷ್ಟೇ ನನ್ನ ಕೆಲಸವಾಯಿತು. ಓಡುತ್ತ ತಿಂದರೆ ಗಂಟಲಿಗೆ ಸಿಗುತ್ತದೆ.

ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ತಿಂಡಿ. ಹೊಟ್ಟೆ ಸಣ್ಣದು, ಒಮ್ಮೆಗೇ ತುಂಬಲು ಆಗುವುದಿಲ್ಲ. ಒಂದು ದಿನ ಹೀಗಿರಬಹುದು: ಬೆಳಿಗ್ಗೆ ಜೋಳದ ನುಚ್ಚು ಮಜ್ಜಿಗೆ ಅಥವಾ ತುಪ್ಪ ಹಾಕಿದ ಉಪ್ಪಿಟ್ಟು, ಹನ್ನೊಂದಕ್ಕೆ ಒಂದು ಹಣ್ಣು, ಮಧ್ಯಾಹ್ನ ಬೇಳೆಯಲ್ಲಿ ನೆನೆಸಿದ ರೊಟ್ಟಿ, ಜೊತೆಗೆ ಪಲ್ಯ, ಸಂಜೆ ಶೇಂಗಾ ಉಂಡಿ ಅಥವಾ ಬೇಯಿಸಿದ ಮೊಟ್ಟೆ, ರಾತ್ರಿ ಅನ್ನ ಸಾರು, ಮೊಸರು. ಹಣ್ಣು ಅಂದರೆ ಸೇಬೇ ಆಗಬೇಕಿಲ್ಲ. ಪೇರಲ ಹಣ್ಣಿನಲ್ಲಿ ಸಿ ವಿಟಮಿನ್ ಬಹಳ, ಬೆಲೆಯೂ ಕಡಿಮೆ. ಪಪ್ಪಾಯಿ, ಮಾವು ಕಣ್ಣಿಗೆ ಒಳ್ಳೆಯದು.

ಕಬ್ಬಿಣಾಂಶಕ್ಕೆ ರಾಜಗಿರಿ, ಮೆಂತ್ಯೆ ಸೊಪ್ಪು, ಪುಂಡಿ ಪಲ್ಯ, ಸಜ್ಜಿ ರೊಟ್ಟಿ, ಮಡಕಿ ಕಾಳು, ಹುರುಳಿ, ಗುರೆಳ್ಳು ಪುಡಿ. ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಮೇಲೆ ನಿಂಬೆ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಕಾಳನ್ನು ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಮಾಂಸ ತಿನ್ನುವ ಮನೆಯಾದರೆ ವಾರಕ್ಕೆ ಒಂದೆರಡು ಸಲ ಮೆತ್ತಗೆ ಬೇಯಿಸಿದ್ದನ್ನು ಮಗುವಿಗೂ ಕೊಡಿ, ಅದರ ಕಬ್ಬಿಣ ಬೇಗ ಹತ್ತುತ್ತದೆ. ಬೆಲ್ಲದಲ್ಲಿ ಕಬ್ಬಿಣ ಇದೆ ಎಂದು ಅದನ್ನೇ ನಂಬಿ ಕೂರಬೇಡಿ. ಇರುವುದು ಸ್ವಲ್ಪ, ಹಲ್ಲಿಗೆ ಅದೂ ಸಕ್ಕರೆಯೇ.

ಇನ್ನು ತಿನ್ನಿಸುವ ಯುದ್ಧ. ಏನು ಬಡಿಸಬೇಕು, ಎಷ್ಟೊತ್ತಿಗೆ ಎನ್ನುವುದು ನಿಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಎನ್ನುವುದನ್ನು ಮಗುವಿಗೆ ಬಿಡಿ. ಮೊದಲು ಕಡಿಮೆ ಬಡಿಸಿ, ಕೇಳಿದರೆ ಮತ್ತೆ ಹಾಕಿ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ತಟ್ಟೆ ಎತ್ತಿಬಿಡಿ. ಹೊಸ ಪಲ್ಯ ಬೇಡ ಎಂದರೆ ನಾಲ್ಕು ದಿನ ಬಿಟ್ಟು ಮತ್ತೆ ಇಡಿ. ಹತ್ತು ಸಲ ಇಟ್ಟ ಮೇಲೆ ಬಾಯಿಗೆ ಹಾಕಿಕೊಂಡ ಮಕ್ಕಳಿದ್ದಾರೆ. ಊಟ ಬಿಟ್ಟಿದ್ದಾನೆ ಪಾಪ ಎಂದು ಅಂಗಡಿಯ ಐದು ರೂಪಾಯಿ ಪ್ಯಾಕೆಟ್ ಕೊಟ್ಟರೆ ಆಟ ಅಲ್ಲಿಗೇ ಮುಗಿಯಿತು, ಮರುದಿನ ಊಟದ ಹೊತ್ತಿಗೆ ಅದೇ ಪ್ಯಾಕೆಟ್ ಬೇಕು.

ನೀರು, ಹಲ್ಲು

ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಎಷ್ಟೋ ಓಣಿಗಳಲ್ಲಿ ನಳದ ನೀರು ಬರುವುದು ಕೆಲವು ದಿನಕ್ಕೊಮ್ಮೆ. ಆದ್ದರಿಂದ ಮನೆ ತುಂಬ ಬ್ಯಾರೆಲ್, ಕೊಡ. ಡೆಂಗ್ಯೂ ಸೊಳ್ಳೆ ಬೆಳೆಯುವುದು ಇಂಥ ನಿಂತ ನೀರಿನಲ್ಲೇ. ವಾರಕ್ಕೊಂದು ದಿನ ಎಲ್ಲ ಖಾಲಿ ಮಾಡಿ, ಒಳಗಿನ ಗೋಡೆ ತಿಕ್ಕಿ ಒಣಗಿಸಿ, ಮತ್ತೆ ತುಂಬಿ ಮುಚ್ಚಿ. ಮೊಟ್ಟೆ ಗೋಡೆಗೆ ಅಂಟಿರುತ್ತವೆ, ನೀರು ಚೆಲ್ಲಿದರಷ್ಟೇ ಸಾಲದು. ಕುಡಿಯುವ ನೀರು ಕುದಿಸಿ ಆರಿಸಿದ್ದಾಗಿರಲಿ.

ಗದಗ ಜಿಲ್ಲೆಯವರಿಗೆ ಇನ್ನೊಂದು ಮಾತು. ನನ್ನ ತವರು ಮುಂಡರಗಿ ಕಡೆ. ಅಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನನ್ನ ವಾರಿಗೆಯವರ ಹಲ್ಲಿನ ಮೇಲೆ ಕಂದು ಪಟ್ಟಿ ನೋಡುತ್ತಲೇ ಬೆಳೆದೆ. ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೂ 1.5 ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಕಾಯಂ ಹಲ್ಲು ಒಸಡಿನೊಳಗೆ ತಯಾರಾಗುವುದು ಈ ವಯಸ್ಸಿನಲ್ಲೇ, ಆದ್ದರಿಂದ ಮಗುವಿಗೆ ಕುಡಿಯಲು, ಅಡುಗೆಗೆ ಎರಡಕ್ಕೂ ಊರಿನ ಶುದ್ಧ ನೀರಿನ ಘಟಕದ ನೀರು ಬಳಸಿ. ಅಡುಗೆಗೆ ಬೋರ್ ನೀರು, ಕುಡಿಯಲು ಘಟಕದ ನೀರು ಎಂದು ಬಹಳ ಮನೆಗಳಲ್ಲಿ ಮಾಡುತ್ತಾರೆ, ಅದರಿಂದ ಅರ್ಧ ಉಪಯೋಗ ಅಷ್ಟೇ.

ಪೇಸ್ಟು ಬಟಾಣಿ ಕಾಳಿನಷ್ಟು, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಉಗುಳಲು ಕಲಿಸಿ. ಆರೇಳು ವರ್ಷದವರೆಗೆ ನೀವೇ ತಿಕ್ಕಿ, ಅವರ ಕೈ ಹಿಂದಿನ ಹಲ್ಲಿಗೆ ಹೋಗುವುದಿಲ್ಲ.

ತಾಯಿ ಕಾರ್ಡು ಕಪಾಟಿನಿಂದ ತೆಗೆಯಿರಿ

ಒಂದೂವರೆ ವರ್ಷದ ಇಂಜೆಕ್ಷನ್ ಮುಗಿದ ಮೇಲೆ ಈ ಕಾರ್ಡು ಬಟ್ಟೆಯ ಕೆಳಗೆ ಹೋಗಿಬಿಡುತ್ತದೆ, ಅಲ್ವಾ? ಇನ್ನೂ ಬಾಕಿ ಇವೆ. 5ರಿಂದ 6 ವರ್ಷದ ನಡುವೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಎರಡನೇ ಬೂಸ್ಟರ್ ಇದೆ. ಬಹಳ ಜನ ಮರೆಯುವುದು ಇದನ್ನೇ. ಎ ವಿಟಮಿನ್ ಹನಿ 9 ತಿಂಗಳಿಗೆ ಶುರುವಾಗಿ ಆಮೇಲೆ ಆರು ತಿಂಗಳಿಗೊಮ್ಮೆ, 5 ವರ್ಷದ ತನಕ ಒಟ್ಟು 9 ಸಲ. ಕಾರ್ಡಿನಲ್ಲಿ ಎಣಿಸಿ ನೋಡಿ.

ಹುಳದ ಗುಳಿಗೆ, ಅಂದರೆ ಆಲ್ಬೆಂಡಜೋಲ್, ವರ್ಷಕ್ಕೆ ಎರಡು ಸಲ ಅಂಗನವಾಡಿಯಲ್ಲಿ ಕೊಡುತ್ತಾರೆ. 2 ವರ್ಷ ದಾಟಿದವರಿಗೆ 400 ಮಿಲಿಗ್ರಾಂನ ಇಡೀ ಗುಳಿಗೆ, ಅಗಿದು ತಿನ್ನಬೇಕು. ಅಗಿಯಲು ಬಾರದ ಚಿಕ್ಕವರಿಗೆ ಪುಡಿ ಮಾಡಿ ಕೊಡಿ. 5 ವರ್ಷದೊಳಗಿನ ಮಕ್ಕಳಿಗೆ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ 1 ಮಿಲಿ, ಇದು ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ. ರಕ್ತಹೀನತೆ ಈಗಾಗಲೇ ಇದ್ದರೆ ಇಷ್ಟು ಸಾಲದು, ಡಾಕ್ಟರು ತೂಕ ನೋಡಿ ಬೇರೆ ಅಳತೆ ಹೇಳುತ್ತಾರೆ. ನನ್ನ ಮಗನಿಗೆ ಮೂರು ತಿಂಗಳು ಕೊಟ್ಟೆವು. ಮೊದಲ ವಾರ ಅವನ ಮಲ ಕಪ್ಪಗೆ ಬಂದಾಗ ನಾನು ಗಾಬರಿಯಾಗಿ ಸಿರಪ್ ನಿಲ್ಲಿಸಿದ್ದೆ. ಅದು ಕಬ್ಬಿಣದ ಬಣ್ಣ ಅಷ್ಟೇ. ತಿಂಗಳೊಳಗೆ ಮಣ್ಣು ತಿನ್ನುವುದು ನಿಂತಿತು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಆ ದಿನ ಮಗುವನ್ನು ತಪ್ಪಿಸಬೇಡಿ. ಹೃದಯ, ಕಿವಿ, ಕಣ್ಣು, ಬೆಳವಣಿಗೆ ಎಲ್ಲ ನೋಡುತ್ತಾರೆ. ಮೆಳ್ಳೆಗಣ್ಣು ಅದೃಷ್ಟ ಎನ್ನುವವರಿದ್ದಾರೆ. ಅದು ಚಿಕಿತ್ಸೆ ಬೇಕಾದ ತೊಂದರೆ. ತಡಮಾಡಿದರೆ ಮೆದುಳು ಆ ಕಣ್ಣಿನಿಂದ ನೋಡುವುದನ್ನೇ ಬಿಟ್ಟುಬಿಡುತ್ತದೆ, ದೊಡ್ಡವರಾದ ಮೇಲೆ ಚಷ್ಮಾ ಹಾಕಿದರೂ ಪೂರ್ತಿ ಸರಿಹೋಗುವುದಿಲ್ಲ.

ಮಾತಾಡಿ, ಮನೆ ಭಾಷೆಯಲ್ಲೇ

ಎಲ್‌ಕೆಜಿ ಸಂದರ್ಶನದ ಭಯಕ್ಕೆ ಮನೆಯಲ್ಲಿ "ಕಮ್, ಸಿಟ್, ಈಟ್" ಶುರು ಮಾಡಿದ ಅಮ್ಮಂದಿರನ್ನು ನಾನು ಬಹಳ ನೋಡಿದ್ದೇನೆ. ಮಗುವಿಗೆ ಸಿಗುವುದು ಹತ್ತಿಪ್ಪತ್ತು ಇಂಗ್ಲಿಷ್ ಪದ. ಕಳೆದುಹೋಗುವುದು ದಿನದ ನೂರಾರು ವಾಕ್ಯ. ನಿಮಗೆ ಸರಾಗವಾಗಿ ಬರುವ ಭಾಷೆಯಲ್ಲಿ ಮಾತಾಡಿ, "ಹೋಗೂಣು, ಬರ್ರಿ" ಎಂದೇ ಮಾತಾಡಿ. ಹುಬ್ಬಳ್ಳಿಯಲ್ಲಿ ಒಂದೇ ಓಣಿಯ ಮಕ್ಕಳು ಕನ್ನಡ, ಉರ್ದು, ಮರಾಠಿ, ಕೊಂಕಣಿ ಕೇಳುತ್ತ ಬೆಳೆಯುತ್ತಾರೆ. ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ.

ಹೇಗೆ ಮಾತಾಡಬೇಕು? ಜನತಾ ಬಜಾರಿಗೆ ಕಾಯಿಪಲ್ಯ ತರಲು ಹೋದಾಗ ನಾನು ಮಗನ ಕೈಗೆ ಸಣ್ಣ ಚೀಲ ಕೊಡುತ್ತೇನೆ. "ಐದು ಬದನಿಕಾಯಿ ಹಾಕು." ಅವನು ಎಣಿಸುತ್ತಾನೆ, ನಾಲ್ಕರಿಂದ ಆರಕ್ಕೆ ಹಾರುತ್ತಾನೆ. ನಾನು ತಪ್ಪು ಎನ್ನುವುದಿಲ್ಲ, ಚೀಲದಿಂದ ಒಂದೊಂದೇ ತೆಗೆದು ಮತ್ತೆ ಎಣಿಸುತ್ತೇನೆ. "ಇದು ಯಾಕ ಉದ್ದ ಐತಿ, ಅದು ಯಾಕ ದುಂಡಗ?" ಎಂದು ಅವನು ಕೇಳಿದ. ನನಗೆ ಗೊತ್ತಿರಲಿಲ್ಲ, ಮಾರುವ ಅಜ್ಜಿಯನ್ನೇ ಕೇಳು ಎಂದೆ. "ಜಾತಿ ಬ್ಯಾರೆ ಅಪ್ಪಿ. ಇದು ಎಣ್ಣಿಗಾಯಿಗೆ, ಅದು ಪಲ್ಯಾಕ್ಕ" ಎಂದಳು ಅಜ್ಜಿ. ಅವನು ವಾರಗಟ್ಟಲೆ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿದ. ಎಣಿಕೆ, ಆಕಾರ, ಹೊಸ ಪದ, ಗುರುತಿಲ್ಲದವರ ಜೊತೆ ಮಾತು, ಎಲ್ಲ ಹತ್ತು ನಿಮಿಷದಲ್ಲಿ ಆಯಿತು.

ರಾತ್ರಿ ಒಂದು ಕಥೆ. ನಡುವೆ ನಿಲ್ಲಿಸಿ "ಮುಂದೆ ಏನಾಗಿರಬಹುದು?" ಎಂದು ಕೇಳಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಮಕ್ಕಳಿಗೆ ಉತ್ತರ ಕಟ್ಟಲು ಸಮಯ ಬೇಕು. ನಾವು ಕಾಯುವುದೇ ಇಲ್ಲ.

ಅಂದಾಜಿಗೆ, 3 ವರ್ಷಕ್ಕೆ ಮಗು ಒಂದೆರಡು ಸುತ್ತು ಮಾತುಕತೆ ನಡೆಸುತ್ತದೆ, ಅದರ ಮಾತು ಹೊರಗಿನವರಿಗೂ ಬಹುಪಾಲು ಅರ್ಥವಾಗುತ್ತದೆ. 4 ವರ್ಷಕ್ಕೆ ನಾಲ್ಕು ಪದದ ವಾಕ್ಯ ಹೇಳುತ್ತದೆ. 5 ವರ್ಷಕ್ಕೆ ಎರಡು ಘಟನೆ ಇರುವ ಸಣ್ಣ ಕಥೆ ಹೇಳುತ್ತದೆ, ಹತ್ತರ ತನಕ ಎಣಿಸುತ್ತದೆ. ಒಂದೆರಡು ತಿಂಗಳು ಹಿಂದೆ ಮುಂದೆ ಆಗುತ್ತದೆ. ಆದರೆ ಹೆಸರು ಕರೆದರೆ ತಿರುಗದಿದ್ದರೆ, ಕಣ್ಣಿಗೆ ಕಣ್ಣು ಸೇರಿಸದಿದ್ದರೆ, ಬೇರೆ ಮಕ್ಕಳ ಕಡೆ ಗಮನವೇ ಇಲ್ಲದಿದ್ದರೆ, ಮುಖ್ಯವಾಗಿ ಬರುತ್ತಿದ್ದ ಮಾತು ನಿಂತುಹೋದರೆ ಕಾಯಬೇಡಿ. "ಅವರಪ್ಪಂದೂ ಲೇಟ್ ಆಗೇ ಬಂದಿತ್ತು ಮಾತು" ಎಂದು ಮನೆಯಲ್ಲಿ ಹೇಳುತ್ತಾರೆ. ಇರಬಹುದು, ಆದರೂ ಮೊದಲು ಕಿವಿ ತಪಾಸಣೆ ಮಾಡಿಸಿ. ಬೇಗ ಶುರುವಾದ ತರಬೇತಿಗೆ ಫಲ ಜಾಸ್ತಿ.

ಕೈಕಾಲಿಗೆ ಕೆಲಸ

ಪೆನ್ಸಿಲ್ ಹಿಡಿಸುವ ಆತುರ ಬಿಡಿ. ಬೆರಳಿಗೆ ಮೊದಲು ಬಲ ಬರಬೇಕು. ನಮ್ಮಲ್ಲಿ ಅದಕ್ಕೆ ಹಬ್ಬವೇ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಅಂಗಡಿಯಿಂದ ಎತ್ತು ತರಬೇಡಿ, ಮಣ್ಣು ತನ್ನಿ. ಹದ ಮಾಡಿ ಮಗುವಿನ ಮುಂದೆ ಒಂದು ಮುದ್ದೆ ಇಡಿ. ಮೈಗೆ ಉರುಳೆ, ಕಾಲಿಗೆ ನಾಲ್ಕು ಬತ್ತಿ, ಹಿಣಿಲಿಗೆ ಹೆಬ್ಬೆರಳು ತೋರುಬೆರಳಿಂದ ಚಿವುಟಿ ಎತ್ತುವುದು, ಕಣ್ಣಿಗೆ ಜೋಳದ ಕಾಳು ಒತ್ತುವುದು. ಆ ಚಿವುಟುವ ಹಿಡಿತವೇ ನಾಳೆ ಪೆನ್ಸಿಲ್ ಹಿಡಿತ. ನನ್ನ ಮಗನ ಎತ್ತಿಗೆ ಮೂರೇ ಕಾಲು ನಿಂತವು, ನಾಲ್ಕನೆಯದು ಬೀಳುತ್ತಲೇ ಇತ್ತು. ಅವನೇ ಎತ್ತನ್ನು ಮಲಗಿಸಿ "ಮಕ್ಕೊಂಡೈತಿ" ಎಂದು ತೀರ್ಮಾನ ಮಾಡಿದ. ಹಬ್ಬ ಇಲ್ಲದ ದಿನ ರೊಟ್ಟಿ ಹಿಟ್ಟಿನ ಸಣ್ಣ ಉಂಡೆ ಕೊಡಿ, ಬಟಾಣಿ ಸುಲಿಯಲು ಹೇಳಿ, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಬಿಡಿ. ಬೆಳಿಗ್ಗೆ ಗಡಿಬಿಡಿಯಲ್ಲಿ ಐದು ನಿಮಿಷ ಹೋಗುತ್ತದೆ, ಹೋಗಲಿ.

3–4 ವರ್ಷದ ಮಕ್ಕಳು ದಿನಕ್ಕೆ ಮೂರು ತಾಸಾದರೂ ಓಡಾಡಬೇಕು, ಅದರಲ್ಲಿ ಒಂದು ತಾಸು ಬೆವರು ಬರುವಂತೆ. ಪಂಚಮಿಯ ಜೋಕಾಲಿ, ಕುಂಟಾಟ, ಚೆಂಡು ಹಿಡಿಯುವುದು, ಯಾವುದಾದರೂ ಸರಿ. ಉಣಕಲ್ ಕೆರೆ, ಧಾರವಾಡದ ಸಾಧನಕೇರಿ, ಗದಗದವರಿಗೆ ಬಿಂಕದಕಟ್ಟಿ, ವಾರಕ್ಕೊಮ್ಮೆ ಹೋಗಿ ಬನ್ನಿ. ಉಳಿದ ದಿನ ಓಣಿ ಸಾಕು.

ಮೊಬೈಲು ದಿನಕ್ಕೆ ಒಂದು ತಾಸಿಗಿಂತ ಜಾಸ್ತಿ ಬೇಡ, ಊಟದ ಹೊತ್ತಿಗೆ ಮತ್ತು ಮಲಗುವ ಮುಂಚಿನ ತಾಸಿನಲ್ಲಿ ಬೇಡವೇ ಬೇಡ. ನಿದ್ದೆ ಈ ವಯಸ್ಸಿಗೆ ಮಧ್ಯಾಹ್ನದ್ದೂ ಸೇರಿ 10ರಿಂದ 13 ತಾಸು. ಮನೆಯವರು ಧಾರಾವಾಹಿ ಮುಗಿಸುವ ತನಕ ಎದ್ದಿರುವ ಮಗುವಿಗೆ ಇಷ್ಟು ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಟಿವಿಯನ್ನೇ ಒಳಗಿನ ಕೋಣೆಗೆ ಸಾಗಿಸಿದೆವು. ಅತ್ತೆ ಎರಡು ದಿನ ಮಾತಾಡಲಿಲ್ಲ.

ಅಂಗನವಾಡಿಯೋ, ಎಲ್‌ಕೆಜಿಯೋ?

ನೋಡಬೇಕಾದ್ದು ಬೋರ್ಡನ್ನಲ್ಲ, ಒಳಗೆ ಮಕ್ಕಳು ಏನು ಮಾಡುತ್ತಿದ್ದಾರೆ ಎನ್ನುವುದನ್ನು. ಅರ್ಧ ತಾಸು ಕೂತು ನೋಡಿ. ಹಾಡು, ಕಥೆ, ಮಣಿ, ಮಣ್ಣು, ಓಡಾಟ ಕಂಡರೆ ಒಳ್ಳೆಯ ಜಾಗ. ಮೂರು ವರ್ಷದ ಮಕ್ಕಳು ಸಾಲಾಗಿ ಕೂತು ಪುಟಗಟ್ಟಲೆ ಅಕ್ಷರ ತಿದ್ದುತ್ತಿದ್ದರೆ ಶುಲ್ಕ ಎಷ್ಟೇ ಇರಲಿ, ನಾನು ಸೇರಿಸುವುದಿಲ್ಲ. 1975ರಲ್ಲಿ ಶುರುವಾದ ಅಂಗನವಾಡಿ ಯೋಜನೆಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ತೂಕ, ಇಂಜೆಕ್ಷನ್‌ನ ನೆನಪು, ಆಟದ ಪಾಠ ಎಲ್ಲ ಒಂದೇ ಕಡೆ ಇದೆ. ಒಳ್ಳೆಯ ಅಕ್ಕೋರು ಇದ್ದ ಅಂಗನವಾಡಿ ಸಿಕ್ಕರೆ ಬಿಡಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಒಂದನೇ ತರಗತಿ 6 ವರ್ಷಕ್ಕೆ. ಅದಕ್ಕಿಂತ ಮೊದಲು ಓಡಿಸಿ ಯಾರಿಗೂ ಲಾಭವಿಲ್ಲ.

ಹಠ ಮಾಡಿದಾಗ "ಗುಮ್ಮ ಬರ್ತಾನ", "ಡಾಕ್ಟ್ರು ಇಂಜೆಕ್ಷನ್ ಮಾಡ್ತಾರ" ಎಂದು ಹೆದರಿಸಬೇಡಿ. ನಿಜವಾಗಿ ಇಂಜೆಕ್ಷನ್‌ಗೆ ಹೋದ ದಿನ ನೀವೇ ಒದ್ದಾಡುತ್ತೀರಿ. ಎರಡು ಆಯ್ಕೆ ಕೊಡಿ, ಕೆಂಪು ಅಂಗಿಯೋ, ಹಸಿರೋ? ಅಷ್ಟು ಅಧಿಕಾರ ಸಿಕ್ಕರೆ ಅರ್ಧ ಜಗಳ ಇರುವುದಿಲ್ಲ. ಉಳಿದರ್ಧಕ್ಕೆ ಪಕ್ಕದಲ್ಲಿ ಸುಮ್ಮನೆ ಕೂತು ಅಳು ಮುಗಿಯಲು ಬಿಡಬೇಕು, ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ಜ್ವರ, ಭೇದಿ

ಪ್ಯಾರಾಸಿಟಮಾಲ್ ಸಿರಪ್ ಒಂದೇ ಥರದ್ದಲ್ಲ. 5 ಮಿಲಿಗೆ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. "ಒಂದು ಚಮಚ" ಎಂದು ನೆನಪಿಟ್ಟುಕೊಂಡರೆ ತಪ್ಪುತ್ತದೆ. ಲೆಕ್ಕ ಹೀಗೆ: ಕೆಜಿಗೆ 10ರಿಂದ 15 ಮಿಲಿಗ್ರಾಂ. 15 ಕೆಜಿ ಮಗುವಿಗೆ ಒಂದು ಸಲಕ್ಕೆ 150ರಿಂದ 225. ಅಂದರೆ 250ರ ಬಾಟಲಿಯಲ್ಲಿ 3ರಿಂದ 4.5 ಮಿಲಿ, 125ರದ್ದಾದರೆ 6ರಿಂದ 9 ಮಿಲಿ. ನಡುವೆ ಆರು ತಾಸು ಬಿಡಿ. ಡೆಂಗ್ಯೂ ಓಡಾಡುತ್ತಿರುವಾಗ ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಕೆಮ್ಮು ನೆಗಡಿಯ ಸಿರಪ್ಪನ್ನು ನೀವಾಗಿಯೇ ತಂದು ಹಾಕಬೇಡಿ, 4 ವರ್ಷದೊಳಗಿನವರಿಗಂತೂ ಬೇಡ.

ಭೇದಿಗೆ ಓಆರ್‌ಎಸ್. ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ ಇಡಿಯಾಗಿ ಹಾಕಬೇಕು, ಅರ್ಧ ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸುವುದಲ್ಲ. 24 ತಾಸಿನ ನಂತರ ಉಳಿದದ್ದು ಚೆಲ್ಲಿ. ಪ್ರತಿ ಸಲ ಭೇದಿಯಾದ ಮೇಲೆ ಅರ್ಧದಿಂದ ಒಂದು ಲೋಟ, ಗುಟುಕು ಗುಟುಕಾಗಿ. ಜೊತೆಗೆ ಜಿಂಕ್ ಗುಳಿಗೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತರೂ 14 ದಿನ ಮುಗಿಸಿ. ಊಟ ನಿಲ್ಲಿಸಬೇಡಿ. ಮಗು ಕುಡಿಯದೆ ಮಂಕಾಗಿ ಮಲಗಿದರೆ, ಮಲದಲ್ಲಿ ರಕ್ತ ಬಂದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದರೆ, ಫಿಟ್ಸ್ ಬಂದರೆ ರಾತ್ರಿ ಎಷ್ಟೊತ್ತಾದರೂ ಆಸ್ಪತ್ರೆಗೆ ಹೊರಡಿ.

ಮನೆಯೊಳಗಿನ ಅಪಾಯ

ನಮ್ಮದು ಶೇಂಗಾದ ನಾಡು, ಮನೆಯಲ್ಲಿ ಎಲ್ಲಿ ನೋಡಿದರೂ ಕಾಳು. 5 ವರ್ಷದ ತನಕ ಇಡೀ ಶೇಂಗಾ, ಪುಟಾಣಿ ಕೊಡಬೇಡಿ. ಶ್ವಾಸನಾಳಕ್ಕೆ ಸಿಗುವುದು ಹೆಚ್ಚಾಗಿ ಇಂಥ ಕಾಳೇ. ಪುಡಿ ಮಾಡಿ, ಉಂಡಿ ಮಾಡಿ ಕೊಡಿ. ಸಿಕ್ಕಿಬಿದ್ದು ಮಗು ಕೆಮ್ಮಲೂ ಆಗದೆ, ಅಳಲೂ ಆಗದೆ ಇದ್ದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲ ಎಲುಬಿನ ನಡುವೆ ಅಂಗೈಯಿಂದ ಐದು ಸಲ ಜೋರಾಗಿ ಹೊಡೆಯಿರಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೆ, ಮೇಲಕ್ಕೆ ಐದು ಸಲ ಒತ್ತಿ. ಮತ್ತೆ ಬೆನ್ನಿಗೆ ಐದು. ಕಾಣದ ಕಾಳಿಗೆ ಬಾಯಲ್ಲಿ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಸ್ನಾನದ ನೀರು ತೋಡುವಾಗ ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ನೆಲದೊಳಗಿನ ನೀರಿನ ತೊಟ್ಟಿಗೆ ಬೀಗ ಇರಲಿ. ಹೊಲ ಇರುವ ಮನೆಯವರು ಹತ್ತಿ, ಗೋವಿನಜೋಳಕ್ಕೆ ಹೊಡೆಯುವ ಎಣ್ಣೆಯನ್ನು, ಅಂದರೆ ಕೀಟನಾಶಕವನ್ನು, ತಂಪು ಪಾನೀಯದ ಬಾಟಲಿಗೆ ಸುರಿದಿಡುವುದನ್ನು ನಾನೇ ಕಂಡಿದ್ದೇನೆ. ಮಗುವಿಗೆ ಅದು ಜ್ಯೂಸ್. ಒಂದು ವೇಳೆ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ನೀರಿನಿಂದ ತೊಳೆಯಿರಿ, ಕೂಡಲೇ ದೊಡ್ಡಾಸ್ಪತ್ರೆಗೆ ಹೊರಡಿ. ಎಣ್ಣೆಯ ಮೂಲ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಲೇಬಲ್ ನೋಡಿದರೆ ಯಾವ ಔಷಧ ಕೊಡಬೇಕೆಂದು ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ.